ಹಾಡಿದವರ ಹೆಸರು

ಬಹಳ ವರ್ಷಗಳ ಹಿಂದೆ ಗೆಳೆಯರೊಬ್ಬರು ಎಡಿನ್‌ಬರೋದಿಂದ ಬರುವಾಗ ನನಗೊಂದು ಕ್ಯಾಸೆಟ್ ತಂದುಕೊಟ್ಟರು. ಸ್ಕಾಟ್ಲೆಂಡಿನ ಸಂಗೀತವೆಂದರೆ ಚೌಕಳಿ ಲಂಗ, ಚೀಲದ ಕೊಳಲು, ಕವಾಯತು ಎಂದಷ್ಟೇ ತಿಳಿದಿದ್ದ ನಾನು ಅದನ್ನು ಟೇಪ್ ರೆಕಾರ್ಡರಿಗೆ ಹಾಕಿ ಕಾದೆ. ವಾದ್ಯ ಬರಲೇ ಇಲ್ಲ. ಶ್ರುತಿಯೂ ಇಲ್ಲ. ಹೆಂಗಸೊಬ್ಬರ ತುಂಬು ದನಿ ಮಾತ್ರ, ಯಾವ ಆಸರೆಯೂ ಇಲ್ಲದೆ, ಒಂದೊಂದೇ ಸಾಲನ್ನು ಎತ್ತಿ ಇಡುತ್ತಿತ್ತು. ನಮ್ಮ ಬೀಸುವ ಹಾಡಿಗೆ ಕಲ್ಲಿನ ಸದ್ದಾದರೂ ಜೊತೆಗಿರುತ್ತದೆ. ಇಲ್ಲಿ ಅದೂ ಇರಲಿಲ್ಲ. ಮಾತು ಪೂರ್ತಿ ಅರ್ಥವಾಗದಿದ್ದರೂ ಅಲ್ಲಿ ಯಾರೋ ಯಾರನ್ನೋ ಕೊಂದಿದ್ದಾರೆ ಎಂಬುದು ಮಾತ್ರ ತಿಳಿಯಿತು.

ಹಾಡಿದವರು ಜೀನಿ ರಾಬರ್ಟ್‌ಸನ್. 1908ರಲ್ಲಿ ಅಬರ್ಡೀನಿನಲ್ಲಿ, ಊರೂರು ಅಲೆಯುವ ಜನಾಂಗವೊಂದರಲ್ಲಿ ಹುಟ್ಟಿದವರು. ತಗಡಿನ ಕೆಲಸ, ಕುದುರೆ ವ್ಯಾಪಾರ, ಸುಗ್ಗಿಯಲ್ಲಿ ಹಣ್ಣು ಬಿಡಿಸುವ ಕೂಲಿ ಆ ಜನರ ಕಸುಬು. ಊರಿನವರಿಗೆ ಅವರೆಂದರೆ ತಾತ್ಸಾರ. ಎಡಿನ್‌ಬರೋ ವಿಶ್ವವಿದ್ಯಾಲಯದಲ್ಲಿ 1951ರಲ್ಲಿ ಸ್ಕಾಟಿಷ್ ಅಧ್ಯಯನ ಕೇಂದ್ರ ಆರಂಭವಾಯಿತು. ಅಲ್ಲಿನ ಸಂಗ್ರಾಹಕ, ಕವಿ ಹೇಮಿಷ್ ಹೆಂಡರ್ಸನ್ 1953ರಲ್ಲಿ ಜೀನಿಯವರ ಮನೆ ಬಾಗಿಲು ತಟ್ಟಿದರು. ಆಕೆ ಸುಲಭವಾಗಿ ಒಳಗೆ ಬಿಡಲಿಲ್ಲವೆಂದೂ, ಹಾರ್ಲಾ ಕದನದ ಹಳೆಯ ಲಾವಣಿಯ ಮೊದಲ ಸಾಲು ಹೇಳು ನೋಡೋಣ ಎಂದು ಪರೀಕ್ಷಿಸಿ ಆಮೇಲೆ ಒಳಗೆ ಕರೆದರೆಂದೂ ಒಂದು ದಂತಕತೆಯಿದೆ. ನಿಜವೋ ಅಲ್ಲವೋ, ನನಗೆ ಬಹಳ ಹಿಡಿಸಿದ ಕತೆ ಇದು. ವಿದ್ವಾಂಸ ಹಾಡುಗಾರ್ತಿಯನ್ನು ಕಂಡುಹಿಡಿದ ಎಂದು ಪುಸ್ತಕಗಳು ಹೇಳುತ್ತವೆ. ಕತೆ ಹೇಳುವುದು ಬೇರೆ: ಹಾಡುಗಾರ್ತಿಯೇ ವಿದ್ವಾಂಸನ ಪರೀಕ್ಷೆ ಮಾಡಿ ಪಾಸು ಮಾಡಿದಳು.

ಬ್ಲೇರ್‌ಗೌರಿಯ ಹಣ್ಣಿನ ತೋಟಗಳಲ್ಲಿ ಈ ಅಲೆಮಾರಿಗಳ ನಡುವೆ ಹಾಡು ಸಂಗ್ರಹಿಸುವುದೆಂದರೆ ನಯಾಗರಾ ಜಲಪಾತದ ಕೆಳಗೆ ತಗಡಿನ ಡಬ್ಬಿ ಹಿಡಿದ ಹಾಗೆ ಎಂದು ಹೆಂಡರ್ಸನ್ ಹೇಳುತ್ತಿದ್ದರು. ಹೋಲಿಕೆ ಸುಂದರವಾಗಿದೆ, ಪ್ರೀತಿಯಿಂದಲೇ ಹೇಳಿದ್ದು. ಆದರೂ ನನ್ನ ತಕರಾರು ಇರುವುದು ಅಲ್ಲಿಯೇ. ಜಲಪಾತಕ್ಕೆ ಆಯ್ಕೆಯಿಲ್ಲ. ನೀರು ಎಲ್ಲಿ ತಡೆಯಬೇಕು, ಎಲ್ಲಿ ಧುಮುಕಬೇಕು ಎಂದು ಯೋಚಿಸುವುದಿಲ್ಲ. ಜೀನಿ ಯೋಚಿಸುತ್ತಾರೆ. ಜನಪದ ಗಾಯಕರನ್ನು ಪ್ರಕೃತಿಯ ಭಾಗವೆಂದು ಹೊಗಳಿದೊಡನೆ ಅವರನ್ನು ಕಲಾವಿದರೆಂದು ವಿಮರ್ಶಿಸುವ ಹೊಣೆಯಿಂದ ನಾವು ಪಾರಾಗುತ್ತೇವೆ.

ನಾನು ಕೇಳಿದ ಆ ಕೊಲೆಯ ಹಾಡನ್ನೇ ನೋಡಿ. ಮಗನ ಕತ್ತಿಯ ಮೇಲೆ ರಕ್ತವಿದೆ. ಯಾರದೆಂದು ತಾಯಿ ಕೇಳುತ್ತಾಳೆ. ಗಿಡುಗನದು, ನಾಯಿಯದು, ಕುದುರೆಯದು ಎಂದು ಮಗ ಜಾರಿಕೊಳ್ಳುತ್ತಾನೆ. ತಾಯಿ ಒಪ್ಪುವುದಿಲ್ಲ. ಕೊನೆಗೆ ಅದು ತಮ್ಮನ ರಕ್ತವೆಂದು ಒಪ್ಪಿಕೊಂಡು ತಳವಿಲ್ಲದ ದೋಣಿಯಲ್ಲಿ ಹೊರಟುಹೋಗುತ್ತಾನೆ. ಇದೇ ಲಾವಣಿಯ ಇನ್ನೊಂದು ರೂಪವನ್ನು ಥಾಮಸ್ ಪರ್ಸಿ 1765ರಲ್ಲಿ ಅಚ್ಚು ಹಾಕಿಸಿದ್ದ. ಅದರಲ್ಲಿ ಸತ್ತವನು ತಂದೆ. ಕೊಲೆಗೆ ಪ್ರೇರಣೆ ಕೊಟ್ಟವಳು ತಾಯಿಯೇ ಎಂಬುದು ಕೊನೆಯ ಪದ್ಯದಲ್ಲಿ ಹೊರಬಿದ್ದು, ಮಗ ಅವಳನ್ನು ಶಪಿಸುತ್ತಾನೆ. ಈ ತಿರುವನ್ನು ಜನಪದ ಪ್ರತಿಭೆಯ ಶಿಖರವೆಂದು ಬಹುಕಾಲ ಕೊಂಡಾಡಿದರು. ಅದರಲ್ಲಿ ಪಂಡಿತರ ಕೈ ಆಡಿದೆಯೆಂಬ ಅನುಮಾನ ಆಮೇಲೆ ಬಂತು. ನನಗಂತೂ ಆ ತಿರುವು ಸ್ವಲ್ಪ ನಾಟಕೀಯವೆನಿಸುತ್ತದೆ. ಜೀನಿಯವರ ಹಾಡಿನಲ್ಲಿ ತಾಯಿ ಬರೀ ತಾಯಿ. ತಿಳಿಯಬಾರದ್ದನ್ನು ತಿಳಿಯಲೇಬೇಕಾದವಳು. ಪ್ರತಿ ಪ್ರಶ್ನೆಯ ಜೊತೆಗೂ ಮಗನ ಹೆಸರು ಪಲ್ಲವಿಯ ಹಾಗೆ ಮರಳಿ ಬರುತ್ತದೆ. ಜೀನಿ ತಾಯಿಗೊಂದು, ಮಗನಿಗೊಂದು ದನಿ ಮಾಡಿ ಅಭಿನಯಿಸುವುದಿಲ್ಲ. ಅದೇ ಸ್ವರ, ಅದೇ ಹದ. ವಿಚಾರಣೆಯಾಗಿ ಶುರುವಾದದ್ದು ಹೀಗೆ ಹಾಡುಹಾಡುತ್ತಲೇ ಶೋಕವಾಗುತ್ತದೆ. ಇದು ತಾನಾಗಿ ಆದದ್ದೆಂದು ನಾನು ನಂಬಲಾರೆ.

ವೇದಿಕೆ ಹತ್ತಿದ ಮೇಲೆ ಜೀನಿ ಬದಲಾದರು ಎಂಬ ಮಾತಿದೆ. ನಿಜವಿರಬಹುದು. ನಂತರದ ಧ್ವನಿಮುದ್ರಣಗಳಲ್ಲಿ ನಡೆ ನಿಧಾನವಾಗಿದೆ, ಗಾಂಭೀರ್ಯ ಹೆಚ್ಚಿದೆ. ಕೆಲವು ಕಡೆ ಆ ಗಾಂಭೀರ್ಯ ನನಗೂ ಭಾರವೆನಿಸಿದ್ದುಂಟು. ಆದರೆ ಅಡುಗೆಮನೆಯಲ್ಲಿ ಹತ್ತು ಜನರಿಗೆ ಹಾಡುವವಳು ಸಭಾಂಗಣದಲ್ಲಿ ನೂರಾರು ಜನರಿಗೆ ಹಾಡುವಾಗ ಬದಲಾಗದಿದ್ದರೆ ಅದಲ್ಲವೇ ದೋಷ? ಮಗಳು ಲಿಜ್ಜಿ ಹಿಗ್ಗಿನ್ಸ್ ಅದೇ ಮನೆಯಲ್ಲಿ ಬೆಳೆದರೂ ತಾಯಿಯ ನೆರಳಾಗಲಿಲ್ಲ. ಚೀಲಕೊಳಲು ನುಡಿಸುತ್ತಿದ್ದ ತಂದೆಯ ವಾದ್ಯದ ಗಮಕಗಳನ್ನು ಕಂಠಕ್ಕೆ ತಂದುಕೊಂಡರು. ಮೀನು ಕತ್ತರಿಸುವ ಕೂಲಿ ಮಾಡಿಕೊಂಡಿದ್ದ ಆಕೆ ವೇದಿಕೆಗೆ ಬರಲು ಬಹಳ ಕಾಲ ಹಿಂಜರಿದರು. ತಾಯಿ ಮಗಳ ಹಾಡು ಒಂದಾದ ಮೇಲೊಂದು ಕೇಳಿದರೆ ‘ಪರಂಪರೆ’ ಎಂಬ ಒಂದೇ ಪದ ಎಷ್ಟು ಬಡವೆಂದು ಗೊತ್ತಾಗುತ್ತದೆ.

ಐರ್ಲೆಂಡಿನ ಜೋ ಹೀನಿಯವರದು ಇನ್ನೊಂದು ಬಗೆಯ ಕತೆ. 1919ರಲ್ಲಿ ಪಶ್ಚಿಮ ಕರಾವಳಿಯ ಕಾನಮಾರ ಪ್ರದೇಶದ ಕಾರ್ನಾದಲ್ಲಿ ಹುಟ್ಟಿದವರು. ಮನೆಮಾತು ಐರಿಷ್. ಅವರು ಹಾಡುತ್ತಿದ್ದ ಶೈಲಿಗೆ ‘ಶಾನ್ ನೋಸ್’ ಎನ್ನುತ್ತಾರೆ, ಹಳೆಯ ರೀತಿ ಎಂದರ್ಥ. ಪಕ್ಕವಾದ್ಯವಿಲ್ಲ, ತಾಳದ ಕಟ್ಟಿಲ್ಲ. ಮಾತಿನ ಉಸಿರೇ ಲಯ. ಈ ಹಾಡು ಕೇಳುವ ಕ್ರಮವೂ ಚೆನ್ನ: ಪಕ್ಕದಲ್ಲಿ ಕುಳಿತವರು ಗಾಯಕನ ಕೈ ಹಿಡಿದು ಮೆಲ್ಲಗೆ ಸುತ್ತುವುದುಂಟು. ಮುಗಿಸುವಾಗ ಕೊನೆಯ ಮಾತುಗಳನ್ನು ಹಾಡದೆ ಬರಿದೆ ನುಡಿದುಬಿಡುವುದೂ ಉಂಟು. ಇಷ್ಟು ಹೊತ್ತು ಎಲ್ಲಿಗೋ ಕರೆದೊಯ್ದವನು ನಮ್ಮನ್ನು ನಮ್ಮ ಹೊಸಿಲಿಗೇ ತಂದುಬಿಟ್ಟ ಹಾಗೆ.

ಹೀನಿ 1942ರಲ್ಲಿ ಐರಿಷ್ ಭಾಷೆಯ ರಾಷ್ಟ್ರೀಯ ಉತ್ಸವದಲ್ಲಿ ಬಹುಮಾನ ಗೆದ್ದರು. ಬಹುಮಾನ ಹೊಟ್ಟೆ ತುಂಬಿಸಲಿಲ್ಲ. ಬ್ರಿಟನ್ನಿಗೆ ಹೋಗಿ ಕಟ್ಟಡ ಕೆಲಸ ಮಾಡಿದರು, ಲಂಡನ್ನಿನ ಗಾಯಕರ ಕೂಟಗಳಲ್ಲಿ ಹಾಡಿದರು. 1965ರಲ್ಲಿ ಅಮೆರಿಕದ ನ್ಯೂಪೋರ್ಟ್ ಉತ್ಸವದಲ್ಲಿ ಹಾಡಿದರು. ಆಮೇಲೆ ನ್ಯೂಯಾರ್ಕಿನ ಬಹುಮಹಡಿ ಮನೆಯೊಂದರ ಬಾಗಿಲು ಕಾದರು. ಅಮೆರಿಕ ಸರ್ಕಾರ 1982ರಲ್ಲಿ ಅವರಿಗೆ ರಾಷ್ಟ್ರೀಯ ಪರಂಪರೆಯ ಗೌರವ ಕೊಟ್ಟಿತು. ಸಿಯಾಟಲ್‌ನ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳುತ್ತಿದ್ದಾಗ, 1984ರಲ್ಲಿ, ಆ ಊರಿನಲ್ಲೇ ತೀರಿಕೊಂಡರು.

ಭಾಷೆ ತಿಳಿಯದ ಅಮೆರಿಕದವರ ಮುಂದೆ ಅವರು ಹಾಡಿಗೆ ಮೊದಲು ಅದರ ಕತೆ ಹೇಳುತ್ತಿದ್ದರು. ಕೇಳುಗರಿಗೆ ತಕ್ಕಂತೆ ತಮ್ಮನ್ನೂ ತಮ್ಮ ಹಾಡುಗಳನ್ನೂ ಹೇಗೆ ರೂಪಿಸಿಕೊಂಡರೆಂದು ಶಾನ್ ವಿಲಿಯಮ್ಸ್ ಮತ್ತು ಲಿಲಿಸ್ ಓ ಲೀರಿ 2011ರ ತಮ್ಮ ಪುಸ್ತಕದಲ್ಲಿ ವಿವರವಾಗಿ ತೋರಿಸಿದ್ದಾರೆ. ಇದನ್ನು ಓದಿ ಕೆಲವರಿಗೆ ನಿರಾಸೆಯಾಗಬಹುದು. ನನಗೆ ಗೌರವ ಹೆಚ್ಚಿತು. ಕೈ ಹಿಡಿದು ಸುತ್ತುವವರು ಒಬ್ಬರೂ ಇಲ್ಲದ ಊರಿನಲ್ಲಿ ಆತ ತನ್ನ ಕೇಳುಗರನ್ನು ತಾನೇ ತಯಾರು ಮಾಡಿಕೊಳ್ಳಬೇಕಾಯಿತು. ಯೇಸುವಿಗಾಗಿ ಮೂವರು ಮೇರಿಯರು ಅಳುವ ಶೋಕಗೀತೆಯನ್ನು ಅವರು ಹಾಡಿದ್ದನ್ನು ಕೇಳಿದಾಗ ಅದು ಹಬ್ಬದ ಪ್ರಾರ್ಥನೆಯೆನಿಸುವುದಿಲ್ಲ, ನೆರೆಮನೆಯ ಸಾವೆನಿಸುತ್ತದೆ.

ಐರಿಷ್ ಸಂಗೀತವನ್ನು ಜಗತ್ತಿಗೆ ಮುಟ್ಟಿಸಿದ್ದು 1962ರ ಚೀಫ್ಟನ್ಸ್, 1972ರ ಪ್ಲಾಂಕ್ಸ್‌ಟಿ ಮೊದಲಾದ ವಾದ್ಯತಂಡಗಳು ಎಂಬುದು ನಿಜ. ಅವರ ಕೊಳಲು, ಪಿಟೀಲು ನನಗೂ ಇಷ್ಟ. ಆದರೆ ಅವು ನನ್ನನ್ನು ಕುಣಿಯಲು ಕರೆಯುತ್ತವೆ. ಜೀನಿ, ಹೀನಿ ಕುಳಿತುಕೋ ಎನ್ನುತ್ತಾರೆ.

ಇಷ್ಟೆಲ್ಲ ಹೇಳಲು ನನಗೇನು ಹಕ್ಕು? ಒಂದು ತಪ್ಪೊಪ್ಪಿಗೆ ಇದೆ. ವಿದ್ಯಾರ್ಥಿಯಾಗಿದ್ದಾಗ ನಾನೂ ಹೆಗಲಿಗೆ ಚೀಲ ಹಾಕಿಕೊಂಡು ಹಳ್ಳಿಗಳಲ್ಲಿ ಹಾಡು ಬರೆದುಕೊಂಡವನು. ಒಬ್ಬ ಅಜ್ಜಿ ಮೂರು ಸಂಜೆ ಕುಳಿತು ಹಾಡಿದರು. ಒಂದು ಕಡೆ ನಾನು ಸಾಲನ್ನು ತಪ್ಪಾಗಿ ಓದಿದಾಗ, “ಅಲ್ಲೋ ಮಗಾ, ಹಂಗಂದ್ರೆ ಅವಳ ಸಂಕಟ ಎಲ್ಲಿ ಬಂತು?” ಎಂದು ತಿದ್ದಿದ್ದರು. ಅದು ವಿಮರ್ಶೆಯ ಮಾತೆಂದು ಆಗ ನನಗೆ ಹೊಳೆಯಲಿಲ್ಲ. ಸಂಗ್ರಹ ಅಚ್ಚಾಯಿತು. ಸಂಪಾದಕನೆಂದು ನನ್ನ ಹೆಸರು ದಪ್ಪಕ್ಷರದಲ್ಲಿ ಬಂತು. ಹಾಡುಗಳ ಕೆಳಗೆ ‘ಹೇಳಿದವರು: ಒಬ್ಬ ಮುದುಕಿ’ ಎಂದಿದೆ.

ಜೀನಿಯವರ ಕ್ಯಾಸೆಟ್ಟಿನ ರಟ್ಟಿನ ಮೇಲೆ ಅವರ ಹೆಸರು ದೊಡ್ಡದಾಗಿ ಅಚ್ಚಾಗಿರುವುದನ್ನು ಕಂಡ ದಿನ ಹಳೆಯ ನೋಟುಪುಸ್ತಕಗಳನ್ನೆಲ್ಲ ಕೆಳಗಿಳಿಸಿ ಹುಡುಕಿದೆ. ಊರಿನ ಹೆಸರಿತ್ತು, ತಾರೀಖಿತ್ತು, ಬಸ್ ಚಾರ್ಜು ಎಷ್ಟಾಯಿತೆಂಬ ಲೆಕ್ಕವೂ ಇತ್ತು. ಅಜ್ಜಿಯ ಹೆಸರು ಎಲ್ಲಿಯೂ ಇರಲಿಲ್ಲ. ನಾನು ಕೇಳಿಯೇ ಇರಲಿಲ್ಲ.