ಮೂರು ಬಳಪಗಳ ದೇವದೂತ

ವರ್ಸೈ ಅರಮನೆಯ ಪ್ರಾರ್ಥನಾಮಂದಿರದಲ್ಲಿ ಕತ್ತೆತ್ತಿದರೆ ಆಕಾಶದಲ್ಲೊಂದು ಜಾತ್ರೆ. ಲೋಕಕ್ಕೆ ವಿಮೋಚನೆಯ ವಾಗ್ದಾನ ತರುವ ತಂದೆಯಾದ ದೇವರು, ಅವನ ಸುತ್ತ ಮೋಡಗಳ ನಡುವೆ ಕ್ರಿಸ್ತನ ಯಾತನೆಯ ಕುರುಹುಗಳನ್ನು ಹೊತ್ತ ದೇವದೂತರು. ಅಂತ್ವಾನ್ ಕ್ವಾಪೆಲ್ (1661–1722) ಬರೆದ ಈ ಚಾವಣಿ, ಮಂದಿರ ಪೂರ್ಣಗೊಂಡ 1710ರ ಹೊತ್ತಿನದು. ಅದಕ್ಕಾಗಿ ಅವನು ಮಾಡಿಕೊಂಡ ಕರಡುಚಿತ್ರಗಳು ಪ್ಯಾರಿಸ್ಸಿನ ಲೂವ್ರ್ ಸಂಗ್ರಹದಲ್ಲಿವೆ. ಚಾವಣಿಯ ಗುಣವೂ ದೋಷವೂ ಹುಟ್ಟಿದ್ದು ಆ ಹಾಳೆಗಳಲ್ಲೇ.

ಕ್ವಾಪೆಲ್‌ಗೆ ಪ್ರಿಯವಾದದ್ದು ಮೂರು ಬಳಪಗಳ ವಿಧಾನ. ಕರಿಯದು ಮೈಯ ಅಂಚನ್ನೂ ನೆರಳನ್ನೂ ಹಿಡಿಯುತ್ತದೆ; ಕೆಮ್ಮಣ್ಣಿನದು ಚರ್ಮಕ್ಕೆ ಬಿಸುಪು ಕೊಡುತ್ತದೆ; ಬಿಳಿಯದು ಹೆಗಲಿನ, ಮೊಣಕಾಲಿನ ಮೇಲೆ ಬೆಳಕಾಗಿ ಕೂರುತ್ತದೆ. ಉಳಿದದ್ದನ್ನು ಬಣ್ಣದ ಕಾಗದ ತಾನೇ ನೋಡಿಕೊಳ್ಳುತ್ತದೆ. ಆಗಿನ ಫ್ರೆಂಚ್ ಅಕಾಡೆಮಿಯಲ್ಲಿ ರೇಖೆ ದೊಡ್ಡದೋ ಬಣ್ಣ ದೊಡ್ಡದೋ ಎಂಬ ಜಗಳ ದಶಕಗಳ ಕಾಲ ನಡೆದಿತ್ತು. ರೇಖೆಯವರಿಗೆ ಪುಸ್ಸಾಂ ಗುರು, ಬಣ್ಣದವರಿಗೆ ರುಬೆನ್ಸ್. ಕ್ವಾಪೆಲ್‌ನ ಕೆಂಪು ಬಳಪದ ಒಂದು ಎಳೆತ ಈ ವಾದವನ್ನೇ ಅರ್ಥಹೀನವಾಗಿಸುತ್ತದೆ: ತೋಳಿನ ಅಂಚನ್ನು ಗುರುತಿಸುವ ಗೆರೆಯೇ ತೋಳಿಗೆ ರಕ್ತವನ್ನೂ ತುಂಬುತ್ತದೆ. ಮುಂದೆ ವಾತ್ತೋ ಇದೇ ಮೂರು ಬಳಪಗಳಲ್ಲಿ ಅದ್ಭುತಗಳನ್ನು ಮಾಡಿದ. ಆದರೆ ಅವನಿಗೆ ಕರಡು ತನ್ನಷ್ಟಕ್ಕೇ ಒಂದು ಸುಖ. ಕ್ವಾಪೆಲ್‌ಗೆ ಅದು ಚಾವಣಿಗೆ ಹಾಕಿದ ಏಣಿ.

ತೊಡಕು ಇರುವುದೂ ಆ ಏಣಿಯಲ್ಲೇ. ಹಾರುವ ದೇವದೂತನಿಗೂ ರೂಪದರ್ಶಿ ನೆಲದ ಮನುಷ್ಯನೇ. ಅವನ ಭಾರವನ್ನು, ಸ್ನಾಯುಗಳ ಬಿಗಿತವನ್ನು ಕ್ವಾಪೆಲ್ ಪ್ರೀತಿಯಿಂದ ದಾಖಲಿಸುತ್ತಾನೆ. ಒಂದೊಂದು ಮೈಯೂ ತನ್ನದೇ ಬೆಳಕಿನಲ್ಲಿ ಪರಿಪೂರ್ಣ. ಚೌಕಳಿ ಎಳೆದು ಹಿಗ್ಗಿಸಿ ಮೇಲಕ್ಕೇರಿಸಿದಾಗ ಆ ಪರಿಪೂರ್ಣತೆಯೇ ಎದುರು ನಿಲ್ಲುತ್ತದೆ. ರೋಮಿನ ಜೆಸು ಚರ್ಚಿನ ಚಾವಣಿಯಲ್ಲಿ ಗೌಲ್ಲಿ ಆಕೃತಿಗಳನ್ನು ನೆರಳು-ಬೆಳಕಿನ ಮುದ್ದೆಗಳಾಗಿ ಕರಗಿಸಿದ್ದಾನೆ. ಅಲ್ಲಿ ಕಣ್ಣು ಗುಂಪನ್ನು ಮೊದಲು ಕಾಣುತ್ತದೆ, ವ್ಯಕ್ತಿಯನ್ನು ಆಮೇಲೆ. ಕ್ವಾಪೆಲ್‌ನ ದೇವದೂತರು ಕರಗಲು ಒಪ್ಪುವುದಿಲ್ಲ. ಪ್ರತಿಯೊಬ್ಬನೂ ತನ್ನ ಹಾಳೆಯನ್ನು ಜೊತೆಗೆ ಕಟ್ಟಿಕೊಂಡೇ ಮೇಲೇರಿದಂತಿದೆ.

ಕರಡಿನಲ್ಲಿರುವ ಜೀವ ಮುಗಿದ ಚಿತ್ರದಲ್ಲಿ ಸತ್ತಿತು ಎನ್ನುವುದು ವಿಮರ್ಶೆಯ ಹಳೆಯ ಪಲ್ಲವಿ. ಇಲ್ಲಿ ಆದದ್ದು ಬೇರೆ. ಸತ್ತದ್ದೇನೂ ಇಲ್ಲ, ಕರಡಿನ ಜೀವ ಅಷ್ಟೂ ಮೇಲೆ ಹೋಗಿದೆ, ಎಲ್ಲರಿಗೂ ಜಾಗ ಸಾಲದಷ್ಟು.