ಲೂಥರರ ಕಿರುಹೊತ್ತಗೆ ಮತ್ತು ಶಾಲೆಯ ಮಕ್ಕಳು

1528ರಲ್ಲಿ ಸ್ಯಾಕ್ಸನಿಯ ಹಳ್ಳಿಗಳ ಸಭೆಗಳನ್ನು ನೋಡಿಬರಲು ಹೊರಟ ಮಾರ್ಟಿನ್ ಲೂಥರರು ಅಲ್ಲಿನ ಸ್ಥಿತಿ ಕಂಡು ಕಂಗೆಟ್ಟರು. ಜನರಿಗೆ ಕರ್ತನ ಪ್ರಾರ್ಥನೆ ಬಾರದು, ಹತ್ತು ಆಜ್ಞೆಗಳು ಗೊತ್ತಿಲ್ಲ. ಕಲಿಸಬೇಕಾದ ಎಷ್ಟೋ ಸಭಾಪಾಲಕರಿಗೂ ಕಲಿಸುವ ಶಕ್ತಿ ಇರಲಿಲ್ಲ. ಮರುವರ್ಷ, 1529ರಲ್ಲಿ, ಅವರ ‘ಚಿಕ್ಕ ಕ್ಯಾಟಕಿಸಂ’ ಎಂಬ ಪ್ರಶ್ನೋತ್ತರ ರೂಪದ ಕಿರುಹೊತ್ತಗೆ ಬಂದದ್ದು ಈ ಸಂಕಟದಿಂದ. ಅಂದಿನಿಂದ ಲೂಥರನ್ ಶಾಲೆಗಳಲ್ಲಿ ವಿಶ್ವಾಸದ ಪಾಠಕ್ಕೆ ಮೊದಲ ಆಸರೆ ಇದೇ. ಮಕ್ಕಳನ್ನು ಕ್ರಿಸ್ತನ ಶಿಷ್ಯರಾಗಿ ಬೆಳೆಸುವ ಕೆಲಸ ಈ ಹೊತ್ತಗೆಯಿಂದ ಎಷ್ಟು ಆಗುತ್ತದೆ, ಎಲ್ಲಿ ನಿಂತುಹೋಗುತ್ತದೆ ಎಂಬುದನ್ನು ಅದನ್ನು ಪ್ರೀತಿಸುವವರೇ ಕೇಳಿಕೊಳ್ಳಬೇಕು.

ಹೊತ್ತಗೆಯ ಗುಣ ದೊಡ್ಡದು. ಆಜ್ಞೆಗಳ ವಿವರಣೆಯನ್ನೇ ನೋಡಿ. ಕೊಲ್ಲಬಾರದು ಎಂಬ ಆಜ್ಞೆಯನ್ನು ಲೂಥರರು ಅಲ್ಲಿಗೇ ಬಿಡುವುದಿಲ್ಲ. ನೆರೆಯವನ ಮೈಗೆ ನೋವು ಮಾಡದಿದ್ದರೆ ಸಾಲದು, ಅವನ ಕಷ್ಟಕ್ಕೆ ಒದಗಬೇಕು ಎನ್ನುತ್ತಾರೆ. ಕದಿಯದಿದ್ದರೆ ಸಾಲದು, ಅವನ ಸೊತ್ತು ಮತ್ತು ಜೀವನೋಪಾಯ ಉಳಿದು ಬೆಳೆಯಲು ಕೈಜೋಡಿಸಬೇಕು. ಸುಳ್ಳುಸಾಕ್ಷಿ ಹೇಳದಿದ್ದರೆ ಸಾಲದು, ಅವನ ಪರವಾಗಿ ಮಾತಾಡಬೇಕು, ಅವನ ನಡತೆಗೆ ಸಾಧ್ಯವಾದಷ್ಟೂ ಒಳ್ಳೆಯ ಅರ್ಥವನ್ನೇ ಹಚ್ಚಬೇಕು. ‘ಬೇಡ’ ಎಂದು ಕೇಳಿಸಿಕೊಂಡ ಮಗುವಿನ ಕೈಗೆ ಹೀಗೆ ಒಂದು ಕೆಲಸ ಸಿಗುತ್ತದೆ. ಅದನ್ನು ಆ ಮಧ್ಯಾಹ್ನವೇ ಆಟದ ಬಯಲಿನಲ್ಲಿ ಮಾಡಿ ನೋಡಬಹುದು. ವಿಶ್ವಾಸ ಪ್ರಮಾಣದ ವಿವರಣೆಯೂ ಹಾಗೆಯೇ. ಲೋಕದ ಸೃಷ್ಟಿಯ ಬಗ್ಗೆ ಪಾಂಡಿತ್ಯದ ಮಾತಿಲ್ಲ. ದೇವರು ನನ್ನನ್ನು ಉಂಟುಮಾಡಿದನು, ಕಣ್ಣು ಕಿವಿ ಕೊಟ್ಟನು, ಬಟ್ಟೆ ಕೆರ ಅನ್ನ ಮನೆ ಕೊಟ್ಟನು ಎಂದು ‘ನಾನು’ ಎಂಬಲ್ಲಿಂದಲೇ ಅದು ಹೊರಡುತ್ತದೆ. ಇಷ್ಟು ಕಡಿಮೆ ಮಾತಿನಲ್ಲಿ ಇಷ್ಟು ಆಳವಾಗಿ ಮಕ್ಕಳಿಗೆ ಬರೆದವರು ವಿರಳ. ಕಲಿಸುವವನು ಎಷ್ಟೇ ದುರ್ಬಲನಾಗಿದ್ದರೂ ಪಾಠ ಪೂರ್ತಿ ಹಾಳಾಗದಂತೆ ಬರೆದಿರುವುದು ಇದರ ನಿಜವಾದ ಜಾಣ್ಮೆ.

ತೊಡಕು ಹುಟ್ಟುವುದು ಇದು ಶಾಲೆಯ ವೇಳಾಪಟ್ಟಿಗೆ ಸೇರಿದಾಗ. ಮನೆಯ ಯಜಮಾನನು ಮನೆಮಂದಿಗೆ ಸರಳವಾಗಿ ಕಲಿಸಬೇಕಾದ ರೀತಿ ಇದು ಎಂದು ಭಾಗಗಳ ತಲೆಬರಹದಲ್ಲೇ ಇದೆ. ಬೆಳಗಿನ ಪ್ರಾರ್ಥನೆ, ರಾತ್ರಿಯ ಪ್ರಾರ್ಥನೆ, ಊಟದ ಮುಂಚಿನ ಸ್ತೋತ್ರ ಅದರ ಅಂಗಗಳು. ಅಂದರೆ ಇದು ಒಲೆಯ ಬಳಿ ಹೇಳಿಕೊಡಬೇಕಾದದ್ದು. ತರಗತಿಯಲ್ಲಿ ಅದೇ ಹೊತ್ತಗೆ ಒಂದು ವಿಷಯವಾಗುತ್ತದೆ: ಬಾಯಿಪಾಠ, ಅಂಕ, ಪರೀಕ್ಷೆ. ಬಾಯಿಪಾಠವನ್ನು ನಾನು ಹಳಿಯುವುದಿಲ್ಲ. ಎಳವೆಯಲ್ಲಿ ನಾಲಿಗೆಗೆ ಹತ್ತಿದ ಪ್ರಾರ್ಥನೆ ಬೇರೆಲ್ಲ ಮಾತು ಮರೆತ ಮುಪ್ಪಿನಲ್ಲೂ ಕೈಬಿಡುವುದಿಲ್ಲ. ಲೂಥರರೂ ಮೊದಲು ಮಾತು ಬಾಯಿಗೆ ಬರಲಿ ಎಂದೇ ಹೇಳಿದರು. ಆದರೆ ಅದರ ನಂತರ ಅರ್ಥವನ್ನು ನಿಧಾನವಾಗಿ ತಿಳಿಸಿಕೊಡಿ ಎಂದೂ ಹೇಳಿದರು. ಎಷ್ಟೋ ಶಾಲೆಗಳು ಮೊದಲ ಮೆಟ್ಟಿಲಲ್ಲೇ ನಿಲ್ಲುತ್ತವೆ. ಇಲ್ಲಿ ಪ್ರಶ್ನೆಯೂ ಪುಸ್ತಕದ್ದೇ, ಉತ್ತರವೂ ಪುಸ್ತಕದ್ದೇ. ತಂಗಿ ಸತ್ತ ಹುಡುಗನಿಗೆ ತನ್ನದೇ ಪ್ರಶ್ನೆ ಇರುತ್ತದೆ. ಅದನ್ನು ಕೇಳುವ ಸ್ಥಳ ಆ ಪುಟಗಳಲ್ಲಿಲ್ಲ. ಶಿಕ್ಷಕನೇ ಅದಕ್ಕೆ ಎಡೆ ಮಾಡಬೇಕು.

ಆದ್ದರಿಂದ ಶಿಕ್ಷಕರ ವಿಚಾರಕ್ಕೆ ಬರಲೇಬೇಕು. ಅಮೆರಿಕದ ಮಿಸೌರಿ ಸಿನಡ್ ಎಂಬ ಸಭೆಗಳ ಒಕ್ಕೂಟದ ಲೂಥರನ್ ಶಾಲೆಗಳಲ್ಲಿ ದೇವಶಾಸ್ತ್ರ ಓದಿ ಸಭೆಯಿಂದ ಕರೆ ಪಡೆದ ಶಿಕ್ಷಕರಿದ್ದಾರೆ. ಗಣಿತ ಕಲಿಸುವವರನ್ನೂ ದೇವರ ಸೇವಕರೆಂದೇ ಕಾಣುವುದು ಉದಾತ್ತ ಕಲ್ಪನೆ. ಆದರೆ ಮಿಶಿಗನ್ ರಾಜ್ಯದ ಹೊಸನ್ನ-ತಾಬೋರ್ ಶಾಲೆಯ ಪ್ರಕರಣ ಮನಸ್ಸನ್ನು ಕಲಕುತ್ತದೆ. ಅಲ್ಲಿ ಕರೆ ಪಡೆದಿದ್ದ ಶಿಕ್ಷಕಿಯೊಬ್ಬರು ಕಾಯಿಲೆಯಿಂದ ರಜೆಯಲ್ಲಿದ್ದು, 2005ರಲ್ಲಿ ಕೆಲಸಕ್ಕೆ ಮರಳಲು ಬಂದಾಗ ಸಭೆ ಒಪ್ಪಲಿಲ್ಲ. ಕಾನೂನಿನ ಮೊರೆ ಹೋಗುತ್ತೇನೆಂದ ಮೇಲೆ ಅವರ ಕರೆಯನ್ನೇ ರದ್ದು ಮಾಡಿತು. ಆಕೆ ಸಭೆಯ ಸೇವಕಿ, ಆದ್ದರಿಂದ ಉದ್ಯೋಗ ತಾರತಮ್ಯದ ಕಾನೂನು ಇಲ್ಲಿ ಅನ್ವಯಿಸದು ಎಂದು ಅಮೆರಿಕದ ಸುಪ್ರೀಂ ಕೋರ್ಟ್ 2012ರಲ್ಲಿ ಒಮ್ಮತದಿಂದ ತೀರ್ಪಿತ್ತಿತು. ತನ್ನ ಸೇವಕರನ್ನು ಸಭೆಯೇ ಆರಿಸಬೇಕು, ಸರ್ಕಾರವಲ್ಲ ಎಂಬ ತತ್ವ ನನಗೂ ಒಪ್ಪಿಗೆ. ಆದರೆ ಕಾನೂನಿನಲ್ಲಿ ಗೆಲ್ಲುವುದು ಬೇರೆ, ಮಕ್ಕಳ ಮುಂದೆ ಗೆಲ್ಲುವುದು ಬೇರೆ. ನೆರೆಯವನ ಮೈಯ ಕಷ್ಟಕ್ಕೆ ಒದಗಬೇಕು ಎಂದು ಕೊಲ್ಲಬಾರದೆಂಬ ಐದನೇ ಆಜ್ಞೆಯಲ್ಲಿ ಬಾಯಿಪಾಠ ಮಾಡಿದ ಮಕ್ಕಳು, ಕಾಯಿಲೆಬಿದ್ದ ತಮ್ಮ ಟೀಚರಿಗೆ ಏನಾಯಿತು ಎಂಬುದನ್ನೂ ನೋಡಿರುತ್ತಾರೆ.

ಇದಕ್ಕೆ ಎದುರಾಗಿ ನನ್ನ ಕಣ್ಣಮುಂದೆ ನಿಲ್ಲುವುದು ಜರ್ಮನಿಯ ಲೂಥರನ್ ಪಾಲಕ ಡೀಟ್ರಿಕ್ ಬಾನ್‌ಹೋಫರ್. ಅವರು ಕಲಿಸಿದ್ದು ಶಾಲೆಯಲ್ಲಲ್ಲ, ಬರ್ಲಿನ್‌ನ ಉತ್ತರ ಭಾಗದ ಬಡ ಕಾರ್ಮಿಕರ ಬಡಾವಣೆಯ ಸಭೆಯೊಂದರ ದೃಢೀಕರಣ ತರಗತಿಯಲ್ಲಿ. 1931ರ ಕೊನೆಯಲ್ಲಿ, ಇನ್ನೂ 25ರ ಹರೆಯದ ಅವರ ಕೈಗೆ ಸುಮಾರು 50 ತುಂಟ ಹುಡುಗರು ಬಂದರು. ಹಿಂದಿನ ವೃದ್ಧ ಪಾಲಕರಿಗೆ ಅವರನ್ನು ಹಿಡಿದು ಕೂರಿಸಲು ಆಗಿರಲಿಲ್ಲ. ಬಾನ್‌ಹೋಫರ್ ಗದರಲಿಲ್ಲ, ಮೆಲುದನಿಯಲ್ಲಿ ಕಥೆ ಹೇಳತೊಡಗಿದರು. ಆ ಬಡಾವಣೆಯಲ್ಲೇ ಕೋಣೆ ಬಾಡಿಗೆಗೆ ಹಿಡಿದರು. ಹುಡುಗರು ಹೇಳದೆ ಕೇಳದೆ ಬರಬಹುದಿತ್ತು. ಅವರ ಮನೆಗಳಿಗೆ ಹೋದರು, ಆಸ್ಪತ್ರೆಯಲ್ಲಿ ಮಲಗಿದ್ದವನನ್ನು ಕಂಡುಬಂದರು. ದೃಢೀಕರಣದ ದಿನಕ್ಕೆ ಉಡುಪಿಲ್ಲದವರಿಗಾಗಿ ಬಟ್ಟೆಯ ಥಾನನ್ನೇ ಕೊಂಡು ಹಂಚಿದರು. ಮುಂದೆ 1937ರಲ್ಲಿ ಶಿಷ್ಯತ್ವದ ಬಗ್ಗೆ ಅವರು ಬರೆದ ಪುಸ್ತಕ ಲೋಕಪ್ರಸಿದ್ಧ. ಅದರ ಜೀವಾಳವನ್ನು ಆ ಹುಡುಗರು ಐದು ವರ್ಷ ಮೊದಲೇ ಕಂಡಿದ್ದರು ಎಂದು ನನ್ನ ನಂಬಿಕೆ. ಈ ಮಾದರಿಗೂ ಮಿತಿ ಇದೆ. ಅವರು ಅವಿವಾಹಿತರು, ಅನುಕೂಲಸ್ಥ ಮನೆಯವರು. ನಾಲ್ಕು ತರಗತಿ ಹೊತ್ತ, ಮನೆಯಲ್ಲಿ ಸಣ್ಣ ಮಕ್ಕಳಿರುವ ಶಿಕ್ಷಕಿಯಿಂದ ಅಷ್ಟನ್ನೇ ಕೇಳುವುದು ಕ್ರೌರ್ಯ. ಹಾಗಾಗಿಯೇ ಲೂಥರರ ಹೊತ್ತಗೆ ಇನ್ನೂ ಬೇಕು.

ನಮ್ಮ ನೆಲದಲ್ಲಿ ಪ್ರಶ್ನೆ ಇನ್ನೊಂದು ರೂಪ ತಾಳುತ್ತದೆ. 1706ರಲ್ಲಿ ತರಂಗಂಬಾಡಿಗೆ ಬಂದ ಲೂಥರನ್ ಮಿಷನರಿ ಸೀಗನ್‌ಬಾಲ್ಗ್ ಈ ಕ್ಯಾಟಕಿಸಂ ಅನ್ನು ತಮಿಳಿಗೆ ತಂದರು, ಶಾಲೆ ತೆರೆದರು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನ ಹಲವರು ಲೂಥರನ್ ನಾಡಾದ ವುರ್ಟೆಂಬರ್ಗ್‌ನವರು. ಇಂಥ ಪರಂಪರೆಯ ಶಾಲೆಗಳಲ್ಲಿ ಇಂದು ಬೇರೆ ಬೇರೆ ಧರ್ಮಗಳ ಮಕ್ಕಳು ಒಟ್ಟಿಗೆ ಕೂರುತ್ತಾರೆ. ಸರ್ಕಾರದ ಮಾನ್ಯತೆ ಅಥವಾ ನೆರವು ಪಡೆದ ಶಾಲೆಯಲ್ಲಿ ಹೆತ್ತವರ ಒಪ್ಪಿಗೆಯಿಲ್ಲದೆ ಮಗುವನ್ನು ಧರ್ಮಬೋಧೆಗೆ ಕೂರಿಸುವಂತಿಲ್ಲ ಎಂದು ಸಂವಿಧಾನದ 28ನೇ ವಿಧಿ ಹೇಳುತ್ತದೆ. ಇದು ಸರಿಯಾದ ಕಟ್ಟಳೆ. ಬಲವಂತದ ಶಿಷ್ಯತ್ವ ಶಿಷ್ಯತ್ವವೇ ಅಲ್ಲ.

ಶಾಲೆ ನಡೆಸುವವರಲ್ಲಿ ಕೇಳಿಕೊಳ್ಳುವುದು ಇಷ್ಟೇ. ಹೊತ್ತಗೆ ಇರಲಿ, ಬಾಯಿಪಾಠವೂ ಇರಲಿ. ವಿಶ್ವಾಸದ ಪಾಠಕ್ಕೆ ಅಂಕ ಕೊಡುವುದನ್ನು ನಿಲ್ಲಿಸಿ. ಆ ಸಮಯ ಉಳಿಸಿ, ವಾರಕ್ಕೊಂದು ಸಂಜೆಯಾದರೂ ಶಿಕ್ಷಕರು ಮಕ್ಕಳ ಮನೆಗೆ ಹೋಗಿಬರಲು ಬಿಡುವು ಕೊಡಿ. ಅದನ್ನು ಸಂಬಳದ ಕೆಲಸವೆಂದೇ ಲೆಕ್ಕಕ್ಕೆ ಹಿಡಿಯಿರಿ. ಶಿಕ್ಷಕರು ಕಾಯಿಲೆಬಿದ್ದರೆ ಅವರ ಜಾಗ ಕಾದಿರಿಸಿ.