ಗಿರಿಜೆಯ ಒಲವು ಮತ್ತು ತಾಳ್ಮೆ

ಮನ್ಮಥದಹನದ ಪ್ರಸಂಗವನ್ನು ಯೌವನದ ಪ್ರೇಮಕ್ಕೆ ವಿಧಿಸಿದ ದಂಡನೆಯೆಂದು ಅರ್ಥೈಸುವ ವಾಡಿಕೆಯುಂಟು. ಹರಿಹರ ಮಹಾಕವಿಯ ‘ಗಿರಿಜಾಕಲ್ಯಾಣ’ವನ್ನಾಗಲಿ, ಕಾಳಿದಾಸನ ‘ಕುಮಾರಸಂಭವ’ವನ್ನಾಗಲಿ ಅವಧಾನದಿಂದ ಓದಿದವರಿಗೆ ಈ ಅರ್ಥ ಒಪ್ಪಿಗೆಯಾಗಲಾರದು. ಅಲ್ಲಿ ಅವಸರಪಟ್ಟವರು ದೇವತೆಗಳು, ಗಿರಿಜೆಯಲ್ಲ. ತಾರಕಾಸುರನ ಭಯದಿಂದ ಮನ್ಮಥನನ್ನು ಕಳುಹಿಸಿದವನು ಇಂದ್ರ. ಹೂಬಾಣ, ಅಕಾಲದ ವಸಂತ ಇವೆಲ್ಲವೂ ಹೊರಗಿನ ಪ್ರೇರಣೆಗಳು. ಮನ್ಮಥನು ಭಸ್ಮವಾದ ಮೇಲೆಯೂ ಉಳಿದ ಒಲವು ಮಾತ್ರ ಗಿರಿಜೆಯ ಸ್ವಂತದ್ದು.

ಆದಕಾರಣ ತಪಸ್ಸಿನ ಭಾಗವೇ ಈ ಕಥೆಯ ಜೀವಾಳ. ರಗಳೆಗಳಲ್ಲಿ ಆವೇಗದಿಂದ ಹರಿಯುವ ಹರಿಹರನು ಇಲ್ಲಿ ಚಂಪುವಿನ ಹತ್ತು ಆಶ್ವಾಸಗಳಷ್ಟು ವಿಸ್ತಾರವನ್ನು ತೆಗೆದುಕೊಂಡಿರುವುದು ವಸ್ತುವಿಗೆ ಉಚಿತವೇ ಆಗಿದೆ. ಗಿರಿಜೆಯ ತಾಳ್ಮೆಯನ್ನು ಹಿರಿಯರ ಮಾತಿಗೆ ತಲೆಬಾಗುವ ವಿಧೇಯತೆಯೆಂದು ಬಗೆಯುವುದು ಸಲ್ಲದು. ತಾಯಿ ಮೇನೆಯು ತಪಸ್ಸು ಬೇಡವೆಂದು ತಡೆದುದರಿಂದಲೇ ‘ಉಮೆ’ ಎಂಬ ಹೆಸರು ಬಂದಿತೆಂದು ಕಾಳಿದಾಸನು ಹೇಳುತ್ತಾನೆ. ಮಗಳು ನಿಲ್ಲಲಿಲ್ಲ. ತರುಣರಿಗೆ ಸಹನೆಯನ್ನು ಬೋಧಿಸುವ ಹಿರಿಯರು ಈ ಅಂಶವನ್ನು ಸಾಮಾನ್ಯವಾಗಿ ಮರೆತಿರುತ್ತಾರೆ!

ಇಂತಹ ಒಲವನ್ನು ಪುಟವಿಟ್ಟ ಚಿನ್ನಕ್ಕೆ ಹೋಲಿಸುವುದು ರೂಢಿ. 2001ರಲ್ಲಿ ಕೋಲಾರದ ಚಿನ್ನದ ಗಣಿಗಳು ಮುಚ್ಚುವವರೆಗೆ ಉರಿಗಾಂ ಪ್ರಾಂತ್ಯದ ಕೆಲಸವನ್ನು ಕಂಡವರಿಗೆ ಈ ಉಪಮೆ ಅಪೂರ್ಣವೆನಿಸೀತು. ಮೈಲಿಗೂ ಮೀರಿದ ಆಳದಿಂದ ಕಲ್ಲನ್ನು ಒಡೆದು ತಂದು, ಕುಟ್ಟಿ ಪುಡಿಮಾಡಿದ ಬಳಿಕವಷ್ಟೇ ಬೆಂಕಿಯ ಸರದಿ. ಹರನ ಹಣೆಗಣ್ಣಿನ ಉರಿ ಕ್ಷಣದ್ದು. ಗಿರಿಜೆಯ ದುಡಿಮೆ ದೀರ್ಘವಾದುದು.

ಮಿತಿಯ ಪ್ರಶ್ನೆ ಇಷ್ಟು ಸರಳವಲ್ಲ. ಉದುರಿದ ಎಲೆಯನ್ನೂ ತೊರೆದು ಅಪರ್ಣೆಯೆನಿಸಿದವಳು ಮಿತಿಗೆ ನಿದರ್ಶನವಾಗಲಾರಳು. ಕಾಳಿದಾಸನು ಇದನ್ನು ಬಲ್ಲನು; ಧರ್ಮಸಾಧನೆಗೆ ದೇಹವೇ ಮೊದಲ ಉಪಕರಣವೆಂಬ ಎಚ್ಚರಿಕೆಯನ್ನು ವಟುವೇಷದ ಶಿವನಿಂದಲೇ ನುಡಿಸಿದ್ದಾನೆ. ಆಕೆಯ ಸಂಯಮ ನಿಜವಾಗಿ ವ್ಯಕ್ತವಾಗುವುದು ತಪಸ್ಸು ಫಲಿಸಿದ ಮೇಲೆ. ಶಿವನು ಪ್ರತ್ಯಕ್ಷನಾಗಿ, ತಾನು ಆಕೆಯ ತಪಸ್ಸಿಗೆ ಮಾರುಹೋದ ದಾಸನೆಂದು ಹೇಳಿಕೊಂಡರೂ ಆಕೆ ಆತನ ಹಿಂದೆ ಹೊರಡುವುದಿಲ್ಲ; ತಂದೆಯನ್ನು ಕೇಳಿ ವರಿಸಬೇಕೆಂದು ಸಖಿಯ ಮುಖಾಂತರ ತಿಳಿಸುತ್ತಾಳೆ. ತಾಯಿಯ ತಡೆಯನ್ನು ಮೀರಿದವಳೇ ಇಲ್ಲಿ ತಂದೆಗೆ ಸಲ್ಲತಕ್ಕ ಗೌರವವನ್ನು ತಾನಾಗಿಯೇ ಸಲ್ಲಿಸುತ್ತಾಳೆ. ಇತ್ತ ಮದುವೆಯವರೆಗಿನ ಕೆಲವೇ ದಿನಗಳನ್ನು ಕಳೆಯುವುದು ಯೋಗೀಶ್ವರನಿಗೇ ಕಷ್ಟವಾಯಿತಂತೆ. ಕವಿಯ ಈ ಮುಗುಳ್ನಗೆಯನ್ನು ವ್ಯಾಖ್ಯಾನಗಳ ಗಾಂಭೀರ್ಯದಲ್ಲಿ ಕಳೆದುಕೊಳ್ಳಬಾರದು.

ಹರಿಹರನ ಹಂಪೆಯಲ್ಲಿ ಈ ಕಾಯುವಿಕೆ ಉತ್ಸವಗಳ ಕ್ರಮದಲ್ಲಿಯೂ ಉಳಿದುಬಂದಿದೆ. ವಿರೂಪಾಕ್ಷ ಮತ್ತು ಪಂಪಾದೇವಿಯರ ನಿಶ್ಚಿತಾರ್ಥವಾದ ಫಲಪೂಜೆ ನಡೆಯುವುದು ಚಳಿಗಾಲದಲ್ಲಿ. ಕಲ್ಯಾಣೋತ್ಸವಕ್ಕೆ ಚೈತ್ರಮಾಸ ಬರಬೇಕು.